ವ್ರತವು ರಾಜಾಜ್ಞೆಯಲ್ಲ



ಇಂದ್ರಿಯನಿಗ್ರಹವು ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಅರಿತವರು ತಮಗೆ ತಾವೇ ವಿಧಿಸಿಕೊಳ್ಳುವ ವ್ರತ. ಅರಿಯದವರ ಮೇಲೆ ಸರ್ಕಾರವು ಅದನ್ನು ಹೇರಿದಾಗ ವ್ರತವು ಅಳಿದು ಅಜ್ಞಾನವೊಂದೇ ಉಳಿಯುತ್ತದೆ.

ಶರಣರ ಬಾಳನ್ನು ನೋಡಿರಿ. ಬಸವಣ್ಣನವರು ಸಂಸಾರಿಗಳು. ಜೇಡರ ದಾಸಿಮಯ್ಯನವರು ದುಗ್ಗಳೆಯೊಡನೆ ಬಾಳುತ್ತಲೇ ನೇಯ್ಗೆಯ ಕಾಯಕವನ್ನು ನಡೆಸಿದರು. ಹೆಣ್ಣನ್ನು ಮಾಯೆಯೆಂದು ದೂರುವವರಿಗೆ ಅಲ್ಲಮಪ್ರಭುಗಳು, ದೋಷವಿರುವುದು ನೋಡುವವನ ಮನದ ಲಾಲಸೆಯಲ್ಲಿ ಎಂದು ತಿಳಿಹೇಳಿದರು. ಅಕ್ಕಮಹಾದೇವಿಯವರು ಎಲ್ಲವನ್ನೂ ತೊರೆದುದು ಸ್ವಂತ ಅರಿವಿನಿಂದ. ಯಾವ ಅರಸನ ಕಟ್ಟಳೆಯಿಂದಲೂ ಅಲ್ಲ.

ಈ ಭೇದವನ್ನು ಆಳುವವರು ಮರೆತ ಪ್ರಸಂಗಗಳು ನಮ್ಮ ನಾಡಿನಲ್ಲಿಯೇ ಇವೆ. ಕಳಸ, ಮೂಡಿಗೆರೆಗಳು ಕಡೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1930ರಷ್ಟು ಹಿಂದೆಯೇ, ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳಿಗೆ ಆದೇಶ ನೀಡಿತ್ತು. ಆದರೆ ಬ್ರಹ್ಮಚರ್ಯವೊಂದೇ ಮಾರ್ಗವೆಂಬ ಗಾಂಧೀಜಿಯವರ ನಿಲುವು ಸ್ವಾತಂತ್ರ್ಯಾನಂತರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಅವರ ಮೂಲಕ ರಾಜನೀತಿಯಾಯಿತು. ಸಾಧನಗಳು ಬೇಡ, ತಿಂಗಳ ಕೆಲವು ದಿನ ಸಂಯಮ ಸಾಕು ಎಂದು 1952ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿಯೇ ಪ್ರಯೋಗ ನಡೆಯಿತು. ದಿನವೆಣಿಸಲು ಹೆಂಗಸರ ಕೈಗೆ ಬಣ್ಣದ ಮಣಿಸರಗಳನ್ನು ಕೊಟ್ಟರು. ಪ್ರಯೋಗ ಫಲಿಸಲಿಲ್ಲ. ಸಂಯಮದ ಭಾರವೆಲ್ಲ ಹೆಣ್ಣಿನ ಕೊರಳಿಗೆ ಬಿದ್ದರೆ ಫಲಿಸುವುದಾದರೂ ಹೇಗೆ?

2007ರಲ್ಲಿ ಅದೇ ಮರೆವು ಬೇರೆ ವೇಷದಲ್ಲಿ ಬಂದಿತು. ಎಚ್‌ಐವಿ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಅಂದು ಕರ್ನಾಟಕವೂ ಒಂದು. ಆದರೂ ಕೇಂದ್ರದ ಹದಿಹರೆಯ ಶಿಕ್ಷಣವು ನಮ್ಮ ಸಂಸ್ಕೃತಿಗೆ ಸಲ್ಲದೆಂದು ರಾಜ್ಯ ಸರ್ಕಾರವು ಅದನ್ನು ನಿರಾಕರಿಸಿತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೂಡದು, ವಿವಾಹಪೂರ್ವ ಸಂಯಮವನ್ನೇ ಬೋಧಿಸಬೇಕು ಎಂದಿತು. ಸೋಜಿಗವೆಂದರೆ, ಭಾರತೀಯವೆಂದು ಕರೆದ ಈ ಉಪಾಯವನ್ನು ಅಮೆರಿಕೆಯ ಕ್ರೈಸ್ತ ಸಂಪ್ರದಾಯವಾದಿಗಳ ಒತ್ತಾಸೆಯಿಂದ ಅಲ್ಲಿನ ಸರ್ಕಾರವು 1996ರಲ್ಲಿಯೇ ಕಾನೂನಾಗಿಸಿ ವರ್ಷಕ್ಕೆ 5 ಕೋಟಿ ಡಾಲರ್ ಸುರಿದಿತ್ತು. ಅಲ್ಲಿನ ಸಂಸತ್ತೇ ಬಯಸಿದ ಅಧ್ಯಯನವು 2007ರಲ್ಲಿ ಹೇಳಿದ್ದೇನು? ಆ ಪಾಠ ಕೇಳಿದ ಮಕ್ಕಳು, ಕೇಳದವರಿಗಿಂತ ಹೆಚ್ಚು ಸಂಯಮಿಗಳಾಗಲಿಲ್ಲ.

ಮಕ್ಕಳ ಮನಸ್ಸು ಕೆಡುವುದೆಂದು ಅಂಜುವ ಹಿರಿಯರನ್ನು ಕೇಳುತ್ತೇವೆ: ನೀವು ಬಾಯಿ ಮುಚ್ಚಿದರೆ ಮಕ್ಕಳ ಕೈಯಲ್ಲಿರುವ ಮೊಬೈಲು ಬಾಯಿ ಮುಚ್ಚುವುದೇ? ನಮ್ಮ ಮಲೆಯ ಕಾಫಿ ತೋಟಗಳ ಲೈನುಮನೆಗಳನ್ನು ನೆನೆಯಿರಿ. ಹಣ್ಣು ಕೊಯ್ಲಿನ ಕಾಲದಲ್ಲಿ ಹೊರಜಿಲ್ಲೆ, ಹೊರರಾಜ್ಯಗಳಿಂದ ಬಂದ ತಾಯ್ತಂದೆಯರು ಬೆಳಗಾಗುತ್ತಲೇ ತೋಟಕ್ಕಿಳಿಯುತ್ತಾರೆ. ಹಿಂದೆ ಉಳಿದ ಬಾಲೆಯ ಮೇಲೆ ಯಾರಾದರೂ ಕೈಮಾಡಿದರೆ, ನಡೆದುದನ್ನು ಹೇಳಲು ಅವಳಿಗೆ ಮಾತನ್ನು ಕೊಟ್ಟವರಾರು? ಮೌನವು ಅವಳ ಶೀಲವನ್ನು ಕಾಯುವುದಿಲ್ಲ, ಕೇಡಿಗನನ್ನು ಕಾಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಪಾಠ ಬೇಡವೆಂದವರು ಈ ಹಸುಳೆಗಳಿಗೆ ಸಂಸಾರ ಮಾತ್ರ ಬೇಕೆನ್ನುವರೇ?

2022ರ ನವೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಒಂಬತ್ತನೆಯ ತರಗತಿಯಿಂದ ಪೋಕ್ಸೊ ಕಾಯಿದೆಯ ತಿಳಿವಳಿಕೆ ನೀಡಬೇಕೆಂದು ನಿರ್ದೇಶಿಸಿತು. ಅದು ಸರಿಯಾದ ಹೆಜ್ಜೆ. ಆದರೆ ಶಿಕ್ಷೆಯ ಭಯವನ್ನು ಹೇಳಿ ದೇಹದ ಅರಿವನ್ನು ಮುಚ್ಚಿಟ್ಟರೆ ಪಾಠ ಅರ್ಧವಾಗುತ್ತದೆ.

ನಾಡಿನ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನಿತ್ತಿವೆ. ಅರಿವನ್ನೂ ಅವೇ ಮೊದಲು ನೀಡಲಿ. ಶಾಲೆ, ಪ್ರಸಾದನಿಲಯಗಳಲ್ಲಿ ವೈದ್ಯರನ್ನೂ ಶಿಕ್ಷಕಿಯರನ್ನೂ ಕರೆದು ಹದಿಹರೆಯದ ಪಾಠವನ್ನು ನಿಸ್ಸಂಕೋಚವಾಗಿ ನಡೆಸಲಿ, ಗಂಡುಮಕ್ಕಳಿಗೂ ನಡೆಸಲಿ. ಮಗುವಿನ ದೂರನ್ನು ಕೇಳುವವರು ಮಠದ ಹೊರಗಿನವರೂ ಇರಲಿ. ಕಾವಿಯೂ ಪರೀಕ್ಷೆಗೆ ಹೊರತಾಗಬಾರದು. ಅರಿತ ಮೇಲೆ ಸಂಯಮವನ್ನು ಆಯ್ದುಕೊಳ್ಳುವವರು ಆಯ್ದುಕೊಳ್ಳಲಿ. ಆಗ ಮಾತ್ರ ಅದು ವ್ರತ.