ವಂಶವೃಕ್ಷದಿಂದ ಕಡಿದ ಕೊಂಬೆ



ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಒಂದು ಒಳ್ಳೆಯ ರೂಢಿ ಬೆಳೆದುಬಂದಿದೆ. ಚದುರಿಹೋದ ಬಂಧುಗಳೆಲ್ಲ ಒಂದು ದಿನ ಮೂಲಮನೆಯಲ್ಲಿ ಕೂಡುತ್ತಾರೆ. ಕೃತಜ್ಞತಾ ಬಲಿಪೂಜೆ ಅರ್ಪಿಸುತ್ತಾರೆ. ಹಿರಿಯರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಊಟದ ಬಳಿಕ ವಂಶವೃಕ್ಷದ ಪುಸ್ತಕವನ್ನು ಬಿಡುಗಡೆ ಮಾಡುತ್ತಾರೆ. ನಮ್ಮ ಕುಟುಂಬದಲ್ಲಿಯೂ ಅಂಥದೊಂದು ಪುಸ್ತಕ ಸಿದ್ಧವಾಯಿತು. ಹೆಸರುಗಳನ್ನು ಕಲೆಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅಜ್ಜನ ತಮ್ಮನ ಪುಟದಲ್ಲಿ ನಾನು ಐದು ಮಕ್ಕಳ ಹೆಸರು ಬರೆದಿದ್ದೆ. ಹಿರಿಯರೊಬ್ಬರು ಓದಿ, ಕೊನೆಯ ಹೆಸರಿನ ಮೇಲೆ ಬೆರಳಿಟ್ಟು, "ನಾಲ್ಕೇ ಸಾಕು" ಎಂದರು. ಆ ಐದನೆಯವರು ಮದುವೆಯ ಹೊರಗೆ, ಮನೆಗೆಲಸದ ಹೆಂಗಸಿನಲ್ಲಿ ಹುಟ್ಟಿದ ಮಗಳು. ತಂದೆಯೇ ಒಪ್ಪಿಕೊಂಡಿದ್ದ ಸಂಗತಿ. ಊರಿಗೆಲ್ಲ ತಿಳಿದಿದ್ದ ಸಂಗತಿ. ತಂದೆಯ ಶವಪೆಟ್ಟಿಗೆಯ ಹಿಂದೆ ಎಲ್ಲರಿಗಿಂತ ಕೊನೆಯಲ್ಲಿ ನಡೆದುಬಂದವರು ಆಕೆ. ನಾನು ವಾದಿಸಲಿಲ್ಲ. ಪುಸ್ತಕ ನಾಲ್ಕು ಹೆಸರುಗಳೊಡನೆ ಅಚ್ಚಾಯಿತು. ತೀರಿಹೋದ ಆಕೆಯ ಮೊಮ್ಮಗನೊಬ್ಬ ಹಣ ಕೊಟ್ಟು ಒಂದು ಪ್ರತಿ ಕೊಂಡನೆಂದು ಆಮೇಲೆ ಕೇಳಿದೆ. ಅವನು ಯಾವ ಪುಟವನ್ನು ಹುಡುಕಿರಬಹುದೆಂದು ಹೇಳಬೇಕಾಗಿಲ್ಲ. ಈ ಲೇಖನ ನನ್ನ ಆ ಮೌನದ ತಪ್ಪೊಪ್ಪಿಗೆಯೂ ಹೌದು.

ಇಂಥ ಮಕ್ಕಳನ್ನು ನಾವು 'ಅಕ್ರಮ ಸಂತಾನ' ಎನ್ನುತ್ತೇವೆ. ಅಕ್ರಮವೆಂಬ ಮಾತು ಹೆತ್ತವರ ನಡತೆಗೆ ಸಲ್ಲಬಹುದು. ಹುಟ್ಟಿದ ಮಗುವಿಗೆ ಹೇಗೆ ಸಂದೀತು? ತಪ್ಪು ಮಾಡಿದ ಗಂಡಸಿನ ಹೆಸರು ಭಾವಚಿತ್ರದ ಸಮೇತ ಪುಸ್ತಕದಲ್ಲಿದೆ. ಏನೂ ಮಾಡದ ಮಗುವಿನ ಹೆಸರು ಮಾತ್ರ ಇಲ್ಲ. ಇದು ಯಾವ ನ್ಯಾಯ?

ವಂಶಾವಳಿ ಬರೆಯುವುದು ಹೇಗೆಂದು ಸಂತ ಮತ್ತಾಯರು ತಮ್ಮ ಶುಭಸಂದೇಶದ ಮೊದಲ ಅಧ್ಯಾಯದಲ್ಲಿಯೇ ತೋರಿಸಿದ್ದಾರೆ. ಯೆಹೂದನು ತನ್ನ ವಿಧವೆ ಸೊಸೆ ತಾಮಾರಳಿಂದ ಅವಳಿ ಮಕ್ಕಳನ್ನು ಪಡೆದ ಕತೆ ಆದಿಕಾಂಡದ 38ನೆಯ ಅಧ್ಯಾಯದಲ್ಲಿದೆ. ಕ್ರಿಸ್ತರ ವಂಶಕ್ಕೆ ಬೇಕಾದವನು ಆ ಅವಳಿಗಳಲ್ಲಿ ಪೆರೆಚನೊಬ್ಬನೇ. ಆದರೂ ಮತ್ತಾಯರು ಜೆರಹನನ್ನು ಬಿಡಲಿಲ್ಲ. ತಾಯಿ ತಾಮಾರಳನ್ನೂ ಬಿಡಲಿಲ್ಲ. ದಾವೀದನ ಮಾತು ಬಂದಾಗ ಸೊಲೊಮೋನನ ತಾಯಿಯನ್ನು ಊರೀಯನ ಹೆಂಡತಿಯಾಗಿದ್ದವಳೆಂದೇ ಬರೆದು, ಅರಸನ ಪಾಪವನ್ನು ಮುಚ್ಚದೆ ಇಟ್ಟರು. ಲೋಕರಕ್ಷಕರ ವಂಶಾವಳಿಗೆ ಬೇಕಾಗದ ಮಾನ ನಮ್ಮ ಮನೆತನಕ್ಕೇಕೆ?

ವೇಶ್ಯೆಯ ಮಗನೆಂದು ಯೆಪ್ತಾಹನನ್ನು ಅವನ ಮಲಸಹೋದರರು ಮನೆಯಿಂದ ಅಟ್ಟಿದರು. ಆಪತ್ತು ಬಂದಾಗ ಅದೇ ಜನರ ಹಿರಿಯರು ಅವನನ್ನೇ ಹುಡುಕಿಕೊಂಡು ಹೋದರು. ಹಿಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ, ವಿಶ್ವಾಸಕ್ಕೆ ಹೆಸರಾದವರ ಸಾಲಿನಲ್ಲಿ, ಅವನ ಹೆಸರಿದೆ, ಅಟ್ಟಿದವರ ಹೆಸರುಗಳಿಲ್ಲ.

ಪೆರು ದೇಶದ ಲಿಮಾ ನಗರದಲ್ಲಿ 1579ರಲ್ಲಿ ಹುಟ್ಟಿದ ಸಂತ ಮಾರ್ಟಿನ್ ದೆ ಪೊರೆಸ್ ಅವರ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ 'ಅಜ್ಞಾತ'. ತಂದೆ ಸ್ಪೇನಿನ ಕುಲೀನ. ತಾಯಿ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಮಹಿಳೆ. ಆ ಮಗುವನ್ನು 1962ರಲ್ಲಿ ಧರ್ಮಸಭೆ ಸಂತರ ಪಟ್ಟಿಗೆ ಸೇರಿಸಿತು. ಸಂತ ಅಗಸ್ಟೀನರಿಗೂ ಮದುವೆಯ ಹೊರಗೆ ಹುಟ್ಟಿದ ಮಗನಿದ್ದ. ಅವನಿಗೆ ಅವರು ಇಟ್ಟ ಹೆಸರು ಅದಿಯೋದಾತುಸ್. ನಮ್ಮ ಮಾತಿನಲ್ಲಿ ದೇವದತ್ತ. 387ರಲ್ಲಿ ತಂದೆ-ಮಗ ಜೊತೆಯಾಗಿ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಅಗಸ್ಟೀನರು ತಮ್ಮ ಆತ್ಮಕಥನದಲ್ಲಿ ಮಗನನ್ನು ಹೆಸರಿಸಿ ಹೊಗಳಿದರು. ಆದರೆ ಆ ಮಗುವನ್ನು ಹೆತ್ತವಳ ಹೆಸರನ್ನು ಅವರೂ ಬರೆಯಲಿಲ್ಲ. ಮಹಾತ್ಮರ ಲೇಖನಿಯೂ ಎಲ್ಲಿ ತಡೆಯುತ್ತದೆಂದು ಗಮನಿಸಿರಿ.

"ಹೆಸರು ಬರೆದರೆ ಪಾಪಕ್ಕೆ ಮನ್ನಣೆ ಕೊಟ್ಟಂತಾಗದೇ?" ಎಂದು ನೀವು ಕೇಳಬಹುದು. ವಂಶವೃಕ್ಷ ಸನ್ಮಾನಪತ್ರವಲ್ಲ, ಯಾರು ಯಾರಿಗೆ ಹುಟ್ಟಿದರೆಂಬ ಸಾಕ್ಷ್ಯ. ಸಾಕ್ಷ್ಯದಲ್ಲಿ ಸತ್ಯವನ್ನು ಅಡಗಿಸುವುದೂ ಸುಳ್ಳೇ. ಧರ್ಮಸಭೆಯ ದಾಖಲೆ ಪುಸ್ತಕವೇ ಇಂಥ ಮಗುವನ್ನು ಹೊರಗಿಡುವುದಿಲ್ಲ. 1983ರ ಧರ್ಮಸಭಾ ಸಂಹಿತೆಯ 877ನೆಯ ನಿಯಮದಂತೆ, ಅವಿವಾಹಿತ ತಾಯಿಯ ತಾಯ್ತನ ಬಹಿರಂಗವಾಗಿದ್ದರೆ ಅಥವಾ ಅವಳೇ ಇಚ್ಛೆಯಿಂದ ಕೋರಿದರೆ ಅವಳ ಹೆಸರನ್ನು ಬರೆಯಬೇಕು. ತಂದೆಯ ಹೆಸರಿಗೆ ಸಾರ್ವಜನಿಕ ದಾಖಲೆ ಬೇಕು. ಇಲ್ಲವೇ ಧರ್ಮಕೇಂದ್ರದ ಗುರುಗಳ ಹಾಗೂ ಇಬ್ಬರು ಸಾಕ್ಷಿಗಳ ಮುಂದೆ ಅವನ ಒಪ್ಪಿಗೆ ಬೇಕು. ಇವೊಂದೂ ಇಲ್ಲದಿದ್ದರೂ ಮಗುವಿನ ಹೆಸರನ್ನು ಬರೆಯಲೇಬೇಕು. ದೇಶದ ಕಾನೂನೂ ಅದೇ ದಾರಿ ಹಿಡಿದಿದೆ. ದೆಹಲಿಯ ಅವಿವಾಹಿತ ಕ್ರೈಸ್ತ ತಾಯಿಯೊಬ್ಬಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಜುಲೈ 6ರಂದು ತೀರ್ಪಿತ್ತು, ಅಂಥ ತಾಯಿ ಪ್ರಮಾಣಪತ್ರ ಸಲ್ಲಿಸಿದರೆ ತಂದೆಯ ಹೆಸರಿಲ್ಲದೆಯೂ ಮಗುವಿಗೆ ಜನನ ಪತ್ರ ಕೊಡಬೇಕೆಂದಿತು.

ಇನ್ನೊಂದು ಆಕ್ಷೇಪವನ್ನು ನಾನು ಗೌರವದಿಂದ ಒಪ್ಪುತ್ತೇನೆ. ಬದುಕಿರುವ ತಾಯಿಗೆ, ಬೇರೆ ಮನೆ ಸೇರಿದ ಮಗಳಿಗೆ, ದತ್ತು ಹೋದ ಮಗನಿಗೆ ಅಚ್ಚಿನ ಅಕ್ಷರದಿಂದ ನೋವಾಗಬಹುದು. ಆದುದರಿಂದ ಮೊದಲು ಅವರನ್ನು ಕೇಳಿರಿ. ಬೇಡವೆಂದರೆ ಬರೆಯಬೇಡಿರಿ. ಆ ನಿರ್ಧಾರ ಅವರದು, ಮನೆತನದ ಮಾನ ಕಾಯುವ ನಮ್ಮದಲ್ಲ. ಊಹೆಯಿಂದ ಯಾರನ್ನೂ ತಂದೆಯೆಂದು ಬರೆಯಬೇಡಿರಿ. ಗೊತ್ತಿಲ್ಲದಿದ್ದರೆ ತಾಯಿಯ ಹೆಸರೊಂದೇ ಸಾಕು. ಬರೆಯುವಾಗ ಇತರ ಮಕ್ಕಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ, ಹುಟ್ಟಿದ ವರ್ಷದ ಕ್ರಮದಲ್ಲಿ ಬರೆಯಿರಿ. ನಕ್ಷತ್ರ ಚಿಹ್ನೆ ಬೇಡ, ಚುಕ್ಕೆಗೆರೆ ಬೇಡ, ಅಡಿಟಿಪ್ಪಣಿ ಬೇಡ.

ನಾನು ತಡಮಾಡಿ ಆ ಮೊಮ್ಮಗನ ಮನೆಗೆ ಹೋದೆ. ನಿಮ್ಮ ಅಜ್ಜಿಯ ಹೆಸರು ಸೇರಿಸಲು ಒಪ್ಪಿಗೆ ಬೇಕೆಂದೆ. ಅವನು ಒಳಗಿನಿಂದ ಆ ಪುಸ್ತಕವನ್ನೇ ತಂದ. ನಾಲ್ಕು ಹೆಸರುಗಳ ಕೆಳಗೆ ಐದನೆಯದನ್ನು ಯಾರೋ ಪೆನ್ಸಿಲಿನಲ್ಲಿ ಆಗಲೇ ಬರೆದಿದ್ದರು. ಮುಂದಿನ ಮುದ್ರಣದಲ್ಲಿ ಆ ಹೆಸರು ಅಚ್ಚಾಗಬೇಕು. ನಿಮ್ಮ ಮನೆಯ ಪುಸ್ತಕದಲ್ಲಿ ಯಾರ ಹೆಸರು ಪೆನ್ಸಿಲಿಗಾಗಿ ಕಾದಿದೆಯೆಂದು, ಬಂಧುಗಳೇ, ಒಮ್ಮೆ ತೆರೆದು ನೋಡಿರಿ.