ಹಾವಿನ ಆಟಕ್ಕೆ ದಾಳ ಬೇಡ

ಹಾವು-ಏಣಿ ಆಡದ ಮಗು ನಮ್ಮಲ್ಲಿ ಸಿಗುವುದು ಅಪರೂಪ. ಹಾವು ನುಂಗಿದರೆ ಕಾಯಿ ಕೆಳಗಿಳಿಯುತ್ತದೆ. ಮುಂದಿನದು ದಾಳದ ಇಚ್ಛೆ. ನಿಜವಾದ ಹಾವು ಕಚ್ಚಿದಾಗಲೂ ಅನೇಕ ಮನೆಗಳಲ್ಲಿ ನಡೆಯುವುದು ಇದೇ. ಒಬ್ಬರು ಹಗ್ಗ ಬಿಗಿಯುತ್ತಾರೆ, ಇನ್ನೊಬ್ಬರು ಮಂತ್ರಗಾರನಲ್ಲಿಗೆ ಓಡುತ್ತಾರೆ.

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಕಬ್ಬಿನ ಹೊಲಕ್ಕೆ ಇಲಿ ಬರುತ್ತದೆ, ಇಲಿಯ ಬೆನ್ನಿಗೆ ಹಾವು. ರಾತ್ರಿ ನೀರು ಹಾಯಿಸುವ ರೈತ, ಗುಡಿಸಲಿನ ನೆಲದ ಮೇಲೆ ಮಲಗುವ ಕಬ್ಬು ಕಡಿಯುವವರ ಮಕ್ಕಳು, ಇವರೇ ಹೆಚ್ಚು ಅಪಾಯದಲ್ಲಿರುವವರು. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವಿನ ಕಡಿತಕ್ಕೆ ಬಲಿಯಾದರೆಂದು ಸಂಶೋಧಕರ ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ಕಚ್ಚಿದ ಮೊದಲ ಅರ್ಧ ಗಂಟೆಯಲ್ಲಿ ಹೊಲದ ಬದುವಿನ ಮೇಲೆ ನಡೆಯುವುದನ್ನು ಬದಲಿಸಬೇಕಾದವರು ನಾವೇ.

ಇದನ್ನು ಶಾಲೆಯಲ್ಲಿ ಭಾಷಣದಿಂದ ಕಲಿಸಿದರೆ ಪ್ರಯೋಜನ ಕಡಿಮೆ. ಒಗಟಿನಂಥ ಆಟದಿಂದ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಮಕ್ಕಳೇ 12 ಚಿತ್ರ ಬರೆಯಲಿ. ಅಕ್ಷರ ಬೇಡ, ಈ ಗಡಿಭಾಗದಲ್ಲಿ ಕನ್ನಡ ಶಾಲೆಯ ಮಗುವೂ ಮರಾಠಿ ಶಾಲೆಯ ಮಗುವೂ ಒಂದೇ ಓಣಿಯಲ್ಲಿ ಆಡುತ್ತವೆ.

ಆರು ಚಿತ್ರ ಸರಿಯಾದವು: ಧೈರ್ಯ ಹೇಳುವುದು, 108ಕ್ಕೆ ಕರೆ ಮಾಡುವುದು, ಉಂಗುರ ಬಳೆ ತೆಗೆಯುವುದು, ಮೂಳೆ ಮುರಿದಾಗಿನಂತೆ ಕೋಲಿಟ್ಟು ಕೈಕಾಲು ಅಲುಗದಂತೆ ಮಾಡುವುದು, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯುವುದು, ಕಚ್ಚಿದ ವೇಳೆ ಮತ್ತು ಲಕ್ಷಣಗಳನ್ನು ವೈದ್ಯರಿಗೆ ತಿಳಿಸುವುದು. ಮಗು ಇವನ್ನು ಕ್ರಮವಾಗಿ ಜೋಡಿಸಬೇಕು. ಹತ್ತಿರ ಇಬ್ಬರಿದ್ದರೆ ಮೊದಲೆರಡು ಚಿತ್ರ ಅಕ್ಕಪಕ್ಕ ಕೂರುತ್ತವೆ. ಅದನ್ನು ಮಗುವೇ ಕಂಡುಹಿಡಿಯಲಿ, ನಾವು ಹೇಳಿಕೊಡುವುದು ಬೇಡ.

ಉಳಿದ ಆರು ತಪ್ಪು ಚಿತ್ರಗಳು: ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ, ಸಾರಾಯಿ, ಹಾವನ್ನು ಬೆನ್ನಟ್ಟುವುದು. ಸುಮ್ಮನೆ ತೆಗೆದಿಟ್ಟರೆ ಸಾಲದು, ಏಕೆಂದು ಮಗು ಹೇಳಬೇಕು. ಇಲ್ಲದಿದ್ದರೆ ತಪ್ಪು ಚಿತ್ರವೇ ನೆನಪಿನಲ್ಲಿ ಉಳಿಯುವ ಅಪಾಯವಿದೆ. ಹಗ್ಗ ಬಿಗಿದರೆ ರಕ್ತ ಹರಿಯದೆ ಕಾಲು ಕೊಳೆಯಬಹುದು. ಮೊದಲೇ ಬಿಗಿದಿದ್ದರೆ ವೈದ್ಯರ ಎದುರಿಗೇ ಬಿಚ್ಚಬೇಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಒಂದೇ ಪ್ರತಿವಿಷ.

ಆಟ ಪಳಗಿದ ಮೇಲೆ ಕಠಿಣ ಒಗಟು ಕೊಡಿ. ನೆಲದ ಮೇಲೆ ಮಲಗಿದ್ದ ಹುಡುಗನಿಗೆ ಬೆಳಗಿನ ಜಾವ ಹೊಟ್ಟೆನೋವು, ಕಣ್ಣರೆಪ್ಪೆ ಜೋಲುತ್ತಿವೆ, ಮೈಮೇಲೆ ಗಾಯವಿಲ್ಲ. ಯಾವ ಚಿತ್ರದಿಂದ ಆರಂಭಿಸುತ್ತೀರಿ? ದೊಡ್ಡವರೂ ಇಲ್ಲಿ ಅಜೀರ್ಣವೆಂದು ಓಮಿನ ಕಾಳು ಹುಡುಕುತ್ತಾರೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಎರಡೂ ಇಲ್ಲದಿರಬಹುದು, ಹಲ್ಲಿನ ಗುರುತೂ ಕಾಣದಿರಬಹುದು. ಈ ಒಂದು ಒಗಟಿಗಾಗಿಯಾದರೂ ಆಟ ಮಾಡುವುದು ಸಾರ್ಥಕ.

ಪ್ರೌಢಶಾಲೆಯವರಿಗೆ ಆಸ್ಪತ್ರೆಯೊಳಗಿನ ಒಂದು ಚಿತ್ರವನ್ನೂ ಸೇರಿಸಬಹುದು. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ 2 ಮಿಲಿ ಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂಬ ಸೂಚನೆ. ಎಲ್ಲ ಕಡಿತದಲ್ಲೂ ವಿಷ ಇಳಿದಿರುವುದಿಲ್ಲ, ಪ್ರತಿವಿಷದಿಂದ ಕೆಲವರಿಗೆ ತೀವ್ರ ಅಲರ್ಜಿಯೂ ಆಗುತ್ತದೆ. ಆದ್ದರಿಂದಲೇ ಈ ಕಾಯುವಿಕೆ. ಇದನ್ನು ಆಡಿ ಬಲ್ಲ ಹುಡುಗಿ, ಡಾಕ್ಟರು ಸುಮ್ಮನೆ ಕೂತಿದ್ದಾರೆಂದು ಹೊರಗೆ ಜಗಳಕ್ಕೆ ನಿಂತ ಚಿಕ್ಕಪ್ಪನಿಗೆ ಆ 20 ನಿಮಿಷದ ಅರ್ಥ ಹೇಳಬಲ್ಲಳು.