ಹೊಸ ಹಾಡನ್ನು ಕೊಂಡು ಕೇಳೋಣ: ಬೊಮ್ಮನಹಳ್ಳಿಯವರಲ್ಲಿ ಒಂದು ಮನವಿ

ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೆಬಾವಿಪಾಳ್ಯ, ಬೇಗೂರು ರಸ್ತೆಯ ಬಂಧುಗಳೇ,

ಗಾರ್ಮೆಂಟ್ಸ್‌ಗೆ ಹೋಗುವವರಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಹೋಗುವವರವರೆಗೆ ಹೊಸೂರು ರಸ್ತೆಯಲ್ಲಿ ಓಡಾಡುವ ನಮ್ಮಲ್ಲಿ ಬಹಳ ಮಂದಿ ದಾರಿಯುದ್ದಕ್ಕೂ ಹಾಡು ಕೇಳುತ್ತೇವೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ನೆಮ್ಮದಿಯಾಗಿ ಕೇಳಲು ಜಾಗವೂ ಸಿಕ್ಕಿದೆ. ಈ ಕೇಳುಗರಲ್ಲಿ ನನ್ನದೊಂದು ಕೋರಿಕೆ: ನಮ್ಮೂರಿನ ಸಣ್ಣ, ಸ್ವತಂತ್ರ ಮ್ಯೂಸಿಕ್ ಲೇಬಲ್‌ಗಳು ಹೊಸದೇನಾದರೂ ಬಿಡುಗಡೆ ಮಾಡಿದಾಗ ದಯವಿಟ್ಟು ದುಡ್ಡು ಕೊಟ್ಟು ಕೊಂಡುಕೊಳ್ಳಿ. ಹೌಸ್ ಮುಂತಾದ ಎಲೆಕ್ಟ್ರಾನಿಕ್ ಸಂಗೀತದ ವಿಷಯದಲ್ಲಂತೂ ಇದು ಇನ್ನೂ ಅಗತ್ಯ.

ಹೌಸ್ ಎಂದರೆ ಪಬ್ಬಿನ ಗದ್ದಲ, ದುಡ್ಡಿದ್ದವರ ಮೋಜು ಎಂಬ ಭಾವನೆ ನಮ್ಮಲ್ಲಿದೆ. ಅದು ಹುಟ್ಟಿದ ಬಗೆಯೇ ಬೇರೆ. ಅಮೆರಿಕದ ಶಿಕಾಗೊ ನಗರದ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ಎಂಬ ಡಿಜೆ ಹಾಡು ನುಡಿಸುತ್ತಿದ್ದರು. ಅಲ್ಲಿ ಸೇರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿ ಯುವಜನರು, ಬೇರೆಡೆ ಮರ್ಯಾದೆ ಸಿಗದವರು. ದೊಡ್ಡ ಸ್ಟುಡಿಯೊ, ವಾದ್ಯವೃಂದ ಇಲ್ಲದವರು ಅಗ್ಗದ ಡ್ರಮ್ ಮಷೀನು, ಸಿಂಥಸೈಸರು ಇಟ್ಟುಕೊಂಡು ಮನೆಯಲ್ಲೇ ಹಾಡು ಕಟ್ಟಿದರು. ಹೊರತಂದವರೂ ಸಣ್ಣ ಲೇಬಲ್‌ಗಳೇ. ಇಂದು ಬೊಮ್ಮನಹಳ್ಳಿಯ ಪಿಜಿಯೊಂದರಲ್ಲಿ ಲ್ಯಾಪ್‌ಟಾಪು, ಹೆಡ್‌ಫೋನು ಇರುವ ಹುಡುಗ ಹುಡುಗಿಯರಿಗೂ ಆ ದಾರಿ ತೆರೆದಿದೆ.

ದಾರಿ ಇದ್ದರೆ ಸಾಲದು, ಕೊಳ್ಳುವವರೂ ಬೇಕು. ಮುಂಬೈಯ ಚರಣ್‌ಜಿತ್ ಸಿಂಗ್ ಅವರ ಕಥೆ ಇದಕ್ಕೆ ಸಾಕ್ಷಿ. ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ, ರೋಲಂಡ್ ಕಂಪನಿಯ ಮೂರು ಯಂತ್ರಗಳಿಂದ ಒಂದು ಧ್ವನಿಮುದ್ರಿಕೆ ಮಾಡಿದರು. ಶಿಕಾಗೊದಲ್ಲಿ ‘ಆ್ಯಸಿಡ್ ಹೌಸ್’ ಎಂಬ ಹೌಸ್ ಪ್ರಕಾರಕ್ಕೆ ನಾಂದಿ ಹಾಡಿದ ರೆಕಾರ್ಡು ಬಂದದ್ದು 1987ರಲ್ಲಿ. ಅಂಥದೇ ನಾದ ಐದು ವರ್ಷ ಮೊದಲೇ ನಮ್ಮ ದೇಶದಲ್ಲಿ ಮೂಡಿತ್ತು! ಆದರೆ ಅದನ್ನು ಕೊಂಡವರು ತೀರಾ ಕಡಿಮೆ. ಕಡೆಗೆ ನೆದರ್ಲೆಂಡ್ಸ್‌ನ ಒಬ್ಬ ಸಂಗ್ರಾಹಕರು ಹುಡುಕಿ ತೆಗೆದು 2010ರಲ್ಲಿ ಮರುಬಿಡುಗಡೆ ಮಾಡಿದ ಮೇಲೆ ಜಗತ್ತು ಬೆರಗಾಯಿತು. ಆ ಹೊತ್ತಿಗೆ ಸಿಂಗ್ ಅವರಿಗೆ ವಯಸ್ಸಾಗಿತ್ತು, 2015ರಲ್ಲಿ ತೀರಿಕೊಂಡರು. ಅಂಥ ಅನ್ಯಾಯ ನಮ್ಮೂರಿನ ಯಾರಿಗೂ ಆಗಬಾರದು.

ಕೊಳ್ಳುವವರಿದ್ದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತಿದೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಮೇಷ್ಟ್ರುಗಳು, ಗುಮಾಸ್ತರು, ಗೃಹಿಣಿಯರು ಮನೆಖರ್ಚಿನಲ್ಲಿ ಉಳಿಸಿ ಕ್ಯಾಸೆಟ್ ಕೊಂಡರು. ಅವರು ಕೊಂಡದ್ದರಿಂದಲೇ ಭಾವಗೀತೆ ಸಿನಿಮಾದ ಹಂಗಿಲ್ಲದೆ ಮನೆಮನೆಗೆ ಬಂತು. ಆ ಪರಂಪರೆ ಕ್ಯಾಸೆಟ್ಟಿನ ಜೊತೆ ಮುಗಿಯಬೇಕಾಗಿಲ್ಲ. ಈಗಲೂ ಬೆಂಗಳೂರಿನಲ್ಲಿ ಹೊಸ ನಾದ ಹುಡುಕುವವರಿದ್ದಾರೆ. ‘ಸಲ್ಕ್ ಸ್ಟೇಷನ್’ ಜೋಡಿಯ ರಾಹುಲ್ ಗಿರಿ ಮತ್ತು ತನ್ವಿ ರಾವ್ 2012ರಲ್ಲಿ ತಮ್ಮ ಮೊದಲ ಆಲ್ಬಮ್ ತಂದರು. ಮುಂದೆ ಗಿರಿಯವರು ‘ಕನ್ಸಾಲಿಡೇಟ್’ ಎಂಬ ಲೇಬಲ್ ನಡೆಸಿ ಬೇರೆಯವರ ಎಲೆಕ್ಟ್ರಾನಿಕ್ ಸಂಗೀತಕ್ಕೂ ಜಾಗ ಮಾಡಿಕೊಟ್ಟರು. ಒಮ್ಮೆ ಹುಡುಕಿ ಕೇಳಿ.

‘ಆ್ಯಪಿನಲ್ಲಿ ಕೇಳುತ್ತೇವಲ್ಲ, ಸಾಲದೇ?’ ಎಂದು ನೀವು ಕೇಳಬಹುದು. ಸಾಲದು. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಜನ ಕೇಳದಿದ್ದರೆ ಆ ಧ್ವನಿಮುದ್ರಣಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ. ಅದೇ ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ತಾಣ ಹಿಡಿದುಕೊಳ್ಳುವುದು ಶೇ 15; ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಲೇಬಲ್‌ಗೆ ಸೇರುತ್ತದೆ. ಹೊಸಬರ ಪಾಲಿಗೆ ನೂರಾರು ಮಂದಿಯ ಪುಕ್ಕಟೆ ಮೆಚ್ಚುಗೆಗಿಂತ ಕೊಳ್ಳುವ ಹತ್ತು ಮಂದಿ ದೊಡ್ಡವರು.

ಆದ್ದರಿಂದ ಇಷ್ಟು ಮಾಡೋಣ.

ಒಂದು, ತಿಂಗಳಿಗೆ ಒಂದಾದರೂ ಸ್ವತಂತ್ರ ಆಲ್ಬಮ್ ಕೊಳ್ಳೋಣ. ಕೈಲಾಗದ ತಿಂಗಳು ಪೂರ್ತಿ ಕೇಳಿ, ಲೇಬಲ್‌ನ ಸ್ವಂತ ಲಿಂಕನ್ನು ಗೆಳೆಯರಿಗೆ ಕಳಿಸೋಣ. ಕದ್ದ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವುದು ಬೇಡ.

ಎರಡು, ಅಪಾರ್ಟ್‌ಮೆಂಟ್ ಸಂಘದವರೇ, ಕಾಲೇಜಿನವರೇ, ರಾಜ್ಯೋತ್ಸವ ಮತ್ತು ಗಣೇಶೋತ್ಸವ ಸಮಿತಿಯವರೇ, ನಿಮ್ಮ ಕಾರ್ಯಕ್ರಮದಲ್ಲಿ ಒಂದು ಗಂಟೆಯನ್ನು ಈ ಭಾಗದ ಹೊಸ ಕಲಾವಿದರಿಗೆ ಬಿಟ್ಟುಕೊಡಿ. ಪೆಂಡಾಲಿನವರಿಗೆ, ಮೈಕಿನವರಿಗೆ ಕೊಡುವಂತೆ ಅವರಿಗೂ ಸಂಭಾವನೆ ಕೊಡಿ. ರಾತ್ರಿ ಹತ್ತರೊಳಗೆ ಮುಗಿಸಿ. ಅದು ಕಾನೂನು, ಮೇಲಾಗಿ ಬೆಳಗಿನ ಶಿಫ್ಟಿಗೆ ಏಳಬೇಕಾದವರು ನಮ್ಮ ಅಕ್ಕಪಕ್ಕದಲ್ಲೇ ಮಲಗಿರುತ್ತಾರೆ.

ಮೂರು, ಜಿಮ್, ಕೆಫೆ, ಬಟ್ಟೆ ಅಂಗಡಿ ನಡೆಸುವವರೇ, ದಿನವಿಡೀ ಹಾಡು ಹಾಕುತ್ತೀರಿ. ಅದರಲ್ಲಿ ಸ್ವಲ್ಪ ಹೊತ್ತು ನಮ್ಮೂರಿನವರದ್ದನ್ನು, ಅವರ ಅನುಮತಿ ಪಡೆದು, ಹಾಕಿ. ಯಾರ ಹಾಡು ಎಂದು ಒಂದು ಚೀಟಿ ಬರೆದು ಅಂಟಿಸಿ.

ಲೇಬಲ್ ನಡೆಸುವವರಲ್ಲೂ ಎರಡು ಮಾತು. ಆನ್‌ಲೈನ್ ಪಾವತಿಯ ಪೇಪಾಲ್ ಸಂಸ್ಥೆ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ಸೇವೆಯನ್ನು ನಿಲ್ಲಿಸಿದೆ. ಆದ್ದರಿಂದ ಹಣ ಪಡೆಯಲು ವಿದೇಶಿ ತಾಣಗಳನ್ನಷ್ಟೇ ನಂಬಿ ಕೂರಬೇಡಿ. ಬೊಮ್ಮನಹಳ್ಳಿಯ ಟೀ ಅಂಗಡಿಯಲ್ಲೂ ಯುಪಿಐ ಇದೆ. ಆಲ್ಬಮ್ ಕೊಳ್ಳುವುದೂ ಅಷ್ಟೇ ಸುಲಭವಾಗಲಿ, ವಿವರ ಕನ್ನಡದಲ್ಲೂ ಇರಲಿ. ಇನ್ನೊಂದು, ಕಲಾವಿದರ ಜೊತೆಗಿನ ಒಪ್ಪಂದ ಬರಹದಲ್ಲಿರಲಿ. ಹೌಸ್ ಸಂಗೀತದ ಹಿರಿಯರಾದ ಲ್ಯಾರಿ ಹರ್ಡ್ ಮತ್ತು ರಾಬರ್ಟ್ ಓವೆನ್ಸ್ 1980ರ ದಶಕದ ತಮ್ಮ ಹಾಡುಗಳ ಹಕ್ಕಿಗಾಗಿ ಶಿಕಾಗೊದ ಟ್ರ್ಯಾಕ್ಸ್ ರೆಕಾರ್ಡ್ಸ್ ಲೇಬಲ್ ವಿರುದ್ಧ 2020ರಲ್ಲಿ ಮೊಕದ್ದಮೆ ಹೂಡಬೇಕಾಯಿತು. ಹಕ್ಕು ಮರಳಿ ಕೈಸೇರಿದ್ದು 2022ರಲ್ಲಿ. ಸಣ್ಣ ಸಂಸ್ಥೆ ಎಂಬುದು ಲೆಕ್ಕ ತಪ್ಪಿಸಲು ನೆಪವಾಗಬಾರದು. ಕೇಳುಗರು ಕೊಟ್ಟ ದುಡ್ಡು ಹಾಡು ಮಾಡಿದವರಿಗೆ ತಲುಪಲೇಬೇಕು.

ಬಂಧುಗಳೇ, ಬಟ್ಟೆ ಹೊಲಿಯುವುದು, ಯಂತ್ರ ನಡೆಸುವುದು, ಕೋಡ್ ಬರೆಯುವುದು ಎಲ್ಲವೂ ದುಡಿಮೆ, ಅದಕ್ಕೆ ಕೂಲಿ ಸಲ್ಲಬೇಕು ಎಂದು ನಂಬಿದವರು ನಾವು. ಹಾಡು ಕಟ್ಟುವುದೂ ದುಡಿಮೆಯೇ. ಈ ತಿಂಗಳು ನಿಮಗೆ ಹಿಡಿಸಿದ ಒಂದು ಹೊಸ ಆಲ್ಬಮ್ ಆರಿಸಿ, ಅದರ ಬೆಲೆ ಕೊಟ್ಟು ಕೊಳ್ಳಿ. ನೆರೆಯವರಿಗೂ ಹೇಳಿ.